ಎಪ್ಪತ್ತೆರಡು ಎಂದು ಬರೆದ ನಾಡಿ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಹಿಂದೂಪುರದಲ್ಲಿ ಹೆಲ್ತ್ ಅಸಿಸ್ಟೆಂಟ್. ಕೆಲಸಕ್ಕಿಂತ ಅಣಕು ಚೆನ್ನಾಗಿ ಬರುತ್ತಿತ್ತು. ಮೇಲಧಿಕಾರಿಯ ಕೆಮ್ಮು, ಲೇಪಾಕ್ಷಿ ಬಸ್ಸಿನ ಗೇರು, ಸಂಬಳದ ದಿನದ ನನ್ನದೇ ನಡಿಗೆ, ಯಾವುದನ್ನೂ ಬಿಟ್ಟವನಲ್ಲ.

ಆ ವರ್ಷ ಹೃದ್ರೋಗದ ಸರ್ವೆ. ನೇಕಾರರ ಬೀದಿಯಲ್ಲಿ ಮನೆಮನೆಗೆ ಹೋಗಿ ಬಿ.ಪಿ., ನಾಡಿ ನೋಡಿ ಕಾರ್ಡಿನಲ್ಲಿ ಬರೆಯಬೇಕು. ನಾಡಿಯನ್ನು ಪೂರ್ತಿ ನಿಮಿಷ ಎಣಿಸಬೇಕೆಂದು ನಿಯಮ. ನಾವು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುತ್ತಿದ್ದೆವು. ನನ್ನ ಗಣಿತ ಅಷ್ಟಕ್ಕೆ ಸಾಕಾಗುತ್ತಿತ್ತು.

ಶನಿವಾರ ಕಾರ್ಡುಗಳನ್ನು ಕಲ್ಯಾಣದುರ್ಗದಲ್ಲಿದ್ದ ಸರ್ವೆ ಡಾಕ್ಟರಿಗೆ ಒಪ್ಪಿಸಿದೆ. ಟೀ ಬರುವವರೆಗೆ ಅವರನ್ನು ನಗಿಸೋಣವೆಂದು, ವಾರವಿಡೀ ಹಿಡಿದ ನಾಡಿಗಳನ್ನು ಮೇಜಿನ ಮೇಲೆ ಬೆರಳಲ್ಲಿ ಬಡಿದು ತೋರಿಸಿದೆ. ಪೈಲ್ವಾನರದು, ಬಾಣಂತಿಯದು, ಆಮೇಲೆ ನೂಲು ಸುತ್ತುವ ನರಸಮ್ಮನವರದು: ಎರಡು ಅವಸರದ ಏಟು, ಒಂದು ಮೌನ, ಮತ್ತೆ ಮೂರು, ಒಂದಕ್ಕೊಂದು ಸಂಬಂಧವಿಲ್ಲ. ಡಾಕ್ಟರ್ ನಗಲಿಲ್ಲ. ನರಸಮ್ಮನವರ ಕಾರ್ಡು ಹುಡುಕಿದರು. ನನ್ನ ಮುದ್ದಾದ ಅಕ್ಷರದಲ್ಲಿ ೭೨ ಎಂದಿತ್ತು.

“ನಿನ್ನ ಬೆರಳಿಗೆ ಗೊತ್ತಾಗಿದ್ದು ಪೆನ್ನಿಗೆ ಗೊತ್ತಾಗ್ಲಿಲ್ವೇನಯ್ಯ?” ಎಂದರು.

ಇದು ಏಟ್ರಿಯಲ್ ಫಿಬ್ರಿಲೇಷನ್ ಇರಬಹುದಂತೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಮಿಡಿಯದೆ ಬರೀ ನಡುಗುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ. ನರಸಮ್ಮನವರಿಗೆ ಮೂವತ್ತೆಂಟು ವರ್ಷ.

ಸೋಮವಾರ ಡಾಕ್ಟರೂ ನಾನೂ ನರಸಮ್ಮನವರ ಮನೆಗೆ ಹೋಗಿ ಆಸ್ಪತ್ರೆಗೆ ಕರೆದೆವು.

“ಮದ್ವೆ ಸೀರೆ ಮಗ್ಗದ ಮೇಲೈತೆ. ನಾನು ನೂಲು ಸುತ್ತದಿದ್ರೆ ಇವ್ರ ಕೈ ನಿಂತೋಯ್ತದೆ. ಸುಸ್ತು ಯಾರಿಗಿಲ್ಲ, ಹೋಗಪ್ಪ” ಎಂದರು ನರಸಮ್ಮ, ಮಗ್ಗದಲ್ಲಿದ್ದ ಗಂಡನತ್ತ ಕೈ ತೋರಿಸಿ.

ಡಾಕ್ಟರ ವಿವರಣೆಯೂ ನಡೆಯಲಿಲ್ಲ. ನಾನು ಅವರ ಮಣಿಕಟ್ಟು ಹಿಡಿದು, ಬೆರಳಿಗೆ ಸಿಕ್ಕಿದ್ದನ್ನು ಇನ್ನೊಂದು ಕೈಯಲ್ಲಿ ಮಗ್ಗದ ಮರದ ಮೇಲೆ ಬಡಿಯುತ್ತಾ ಹೋದೆ. ನೇಯುತ್ತಿದ್ದ ಗಂಡ ಓಬಳಪ್ಪ ಲಾಳಿ ನಿಲ್ಲಿಸಿ ಕಿವಿಗೊಟ್ಟರು. ಏಟು ತಪ್ಪಿದ್ದು ನೇಕಾರರಿಗೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ.

“ಇಂಗೆ ಏಟು ಬಿದ್ರೆ ನಾನು ನೇಯ್ದಿದ್ದೆಲ್ಲ ಬಿಚ್ತೀನಿ ಕಣೇ” ಎಂದು ಎದ್ದರು. “ಸೀರೆ ಕಾಯ್ಲಿ. ನಡಿ.”

ಇ.ಸಿ.ಜಿ.ಯೂ ಅದನ್ನೇ ಹೇಳಿತು. ಚಿಕ್ಕಂದಿನ ಗಂಟಲು ನೋವು, ಅದರ ಹಿಂದೆ ಬಂದ ಕೀಲು ಜ್ವರ ಹೃದಯದ ವಾಲ್ವ್ ಕೆಡಿಸಿತ್ತು. ಬಡಿತ ತಗ್ಗಿಸಲು ಒಂದು ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು, ಆಗಾಗ ರಕ್ತಪರೀಕ್ಷೆ. ನಾನು ಆ ಊರಲ್ಲಿದ್ದಷ್ಟು ವರ್ಷ ಅವರಿಗೆ ಲಕ್ವ ಹೊಡೆಯಲಿಲ್ಲ. ಬೀದಿಯ ಮಕ್ಕಳ ಗಂಟಲು ನೋವಿಗೆ ಪೆನಿಸಿಲಿನ್ ಕೊಡಿಸಲು ಅವರೇ ತಾಯಂದಿರನ್ನು ಗದರಿ ಕರೆತರುತ್ತಿದ್ದರು.

ನಾನು ಬೀದಿಯವರ ನಾಡಿಯನ್ನೆಲ್ಲ ಪೂರ್ತಿ ನಿಮಿಷ ಎಣಿಸಿ ಕಾರ್ಡುಗಳನ್ನು ಮತ್ತೆ ಬರೆದೆ. ಅದೇ ತರಹ ಲಯ ತಪ್ಪಿದ ನಾಡಿಯ ಮುದುಕರೊಬ್ಬರು ಸಿಕ್ಕರು. ಅವರದನ್ನೂ ಮೊದಲು ೭೨ ಎಂದೇ ಬರೆದಿದ್ದೆ. ಅಂದಿನಿಂದ ಎಣಿಕೆಯ ಪಕ್ಕ ‘ಲಯ’ ಎಂದು ಒಂದು ಕಾಲಂ ನಾನೇ ಗೆರೆ ಎಳೆದು ಮಾಡಿಕೊಂಡೆ. ಕಾರ್ಡು ಕೇಳದೇ ಇರುವುದನ್ನೂ ರೋಗಿಯ ಕೈ ಹೇಳುತ್ತಿರುತ್ತದೆ. ಅದನ್ನು ಬರೆದುಕೊಳ್ಳುವುದಕ್ಕೇ ನಮಗೆ ಸಂಬಳ.