ಬೆಂಕಿಗೆ ಬಿದ್ದ ಕೂರಿಗೆ ಬಟ್ಟಲು

ಹೋದ ವಾರ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಎದುರು, ಚಹಾದಂಗಡಿಯ ಮುಂದೆ, ಯಾರೋ ಹಳೆಯ ಹೊಸ್ತಿಲೊಂದನ್ನು ಸೀಳಿ ಬೆಂಕಿ ಹಾಕಿದ್ದರು. ಎಷ್ಟೋ ವರ್ಷ ಎಣ್ಣೆ, ಅರಿಶಿಣ, ಕುಂಕುಮ ಕುಡಿದ ಕಟ್ಟಿಗೆ. ಅಂಥದ್ದು ಉರಿಯುವಾಗ ಬರುವ ವಾಸನೆಯೇ ಬೇರೆ. ಮೊದಲು ಒಗ್ಗರಣೆ ಹಾಕಿದಂತೆ ಘಮ್ಮೆನ್ನುತ್ತದೆ, ಆಮೇಲೆ ಗಂಟಲಿಗೆ ಅಡರುತ್ತದೆ. ಆಫೀಸಿಗೆ ಹೊರಟಿದ್ದ ನಾನು ಚಹಾದ ಲೋಟ ಹಿಡಿದು ಅಲ್ಲೇ ನಿಂತುಬಿಟ್ಟೆ. ಬೆಂಕಿಗೆ ಕೈಯೊಡ್ಡಿದ್ದ ಮುದುಕರೊಬ್ಬರು ಯಾರಿಗೆಂದಿಲ್ಲದೆ, "ಈ ವರ್ಷ ಥಂಡಿ ಭಾಳ ಐತ್ರಿ" ಅಂದರು. ಪಕ್ಕದವನು, "ಹೂಂನ್ರಿ, ಹಿಮ್ಮಡ ಎಲ್ಲಾ ಒಡದು ಹೋಗ್ಯಾವ" ಅಂದ. ಇದಕ್ಕಿಂತ ಸಾಧು ಮಾತು ಲೋಕದಲ್ಲಿ ಇನ್ನೊಂದಿರಲಾರದು. ಆದರೂ ನನ್ನ ಲೋಟ ವಾಲಿ ಚಹಾ ಸೀರೆಯ ಮೇಲೆ ಚೆಲ್ಲಿತು. ಥಂಡಿಯ ಮಾತು ನನಗೆ ಇವತ್ತಿಗೂ ಹೊಡೆತದ ಸಪ್ಪಳದ ಜೊತೆಗೇ ಕೇಳಿಸುತ್ತದೆ. ನೀವೂ ಬೆಂಕಿಯ ಸುತ್ತ ಕೂತು ಬೆಳೆದವರಾಗಿದ್ದು, ಆ ಮನೆ ಈಗ ಇಲ್ಲವಾಗಿದ್ದರೆ, ನಾನು ಹೇಳುವುದರಲ್ಲಿ ಅರ್ಧ ನಿಮಗೆ ಗೊತ್ತೇ ಇರುತ್ತದೆ. ಉಳಿದರ್ಧ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು.

ನಮ್ಮ ಮನೆ ಮಸ್ಕಿಯಲ್ಲಿತ್ತು. ಮಣ್ಣಿನ ಮಾಳಿಗೆ, ಬಲಕ್ಕೆ ದನದ ಕೊಟ್ಟಿಗೆ, ಮುಂದೆ ಅಗಲವಾದ ಅಂಗಳ. ಚಳಿಗಾಲದಲ್ಲಿ ಮನೆ ಏಳುತ್ತಿದ್ದುದು ಆ ಅಂಗಳದ ಬೆಂಕಿಯಿಂದ. ಹತ್ತಿಕಟ್ಟಿಗೆ ಚಟಚಟ ಉರಿದು ಬೇಗ ಮುಗಿಯುತ್ತಿತ್ತು, ತೊಗರಿಕಟ್ಟಿಗೆ ನಿಧಾನಕ್ಕೆ ಹತ್ತಿ ನಿಧಾನಕ್ಕೆ ಆರುತ್ತಿತ್ತು. ಬೆಂಕಿಗೆ ಬರುವವರು ಬರಿಗೈಯಲ್ಲಿ ಬರುವಂತಿರಲಿಲ್ಲ, ಒಂದು ಕಡ್ಡಿಯನ್ನಾದರೂ ಎಸೆದೇ ಕೂರಬೇಕು. ಗಾಳಿಗೆ ಬೆನ್ನು ಕೊಟ್ಟು ಕಂಬಳಿ ಹೊದ್ದು ತಾತ, ಅವನ ಎಡಕ್ಕೆ ಅಪ್ಪ, ಆಚೆಗೆ ಅಪ್ಪನ ತಮ್ಮ ಸಣ್ಣಪ್ಪ, ಹೊಗೆ ಬರುವ ಕಡೆಗೆ ಅವ್ವ ಮತ್ತು ಅವಳ ಮಡಿಲಿಗೆ ಒತ್ತಿಕೊಂಡು ನಾನು. ಪಕ್ಕದ ಮನೆಯ ಖಾಸಿಂ ಚಾಚಾ ತಪ್ಪದೆ ಬರುತ್ತಿದ್ದರು. ಅವರಿಗೆ ಜೀವಮಾನದ ವೈರಿ ಎಂದರೆ ಸಿಂಧನೂರು ಬಸ್ಸು. "ಕೈ ಮಾಡಿದ್ರ ಡ್ರೈವರ್ ಆಕಾಶ ನೋಡ್ತಾನ್ರಿ" ಎಂದು ದಿನಾ ದೂರುತ್ತಿದ್ದರು. ಆಮೇಲೆ ಹೊತ್ತಲ್ಲದ ಹೊತ್ತಿಗೆ ಬರುವ ನಳದ ನೀರು, ಬೆಲ್ಲದಂತೆ ಅಂಟುವ ಹಸಿ ರೊಟ್ಟಿ ಹಿಟ್ಟು, ಒಣಗದ ಬಟ್ಟೆ, ಹಗ್ಗ ಕಡಿದ ಇಲಿ. ಜೋಳ ತೆನೆಗಟ್ಟಿದರೆ ತಾತ ಎಳೆಯ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಉಫ್ ಎಂದು ಹೊಟ್ಟು ಊದಿ, ಬಿಸಿ ಸೀತನಿಯನ್ನು ಮೊದಲು ನನ್ನ ಕೈಗೆ ಹಾಕುತ್ತಿದ್ದ. ಆ ರುಚಿ ನನ್ನ ನಾಲಿಗೆಯ ಮೇಲೆ ಇನ್ನೂ ಇದೆ. ಸೀತನಿ ತಿಕ್ಕಿದ ಕೈ ಯಾವುದು ಎನ್ನುವುದೂ ನೆನಪಿದೆ.

ಯಾಕೆಂದರೆ ನಮ್ಮದು ಬಡಿಯುವ ಮನೆ. ತಾತ ಅಜ್ಜಿಯನ್ನು ಬಡಿದಿದ್ದ, ಇಬ್ಬರು ಮಕ್ಕಳನ್ನು ಬಾರಕೋಲಿನಿಂದ ಬಡಿದು ಬೆಳೆಸಿದ್ದ. ಮಕ್ಕಳು ಎತ್ತುಗಳನ್ನು ಬಡಿದರು, ಮದುವೆಯಾದ ಮೇಲೆ ಹೆಂಡಿರನ್ನು ಬಡಿದರು. ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ, ಸ್ನಾನದ ನೀರು ಆರಿದ್ದಕ್ಕೆ, ಕರೆದಾಗ ಓಗೊಡದ್ದಕ್ಕೆ. ಒಳಗೆ ಏಟು ಬೀಳುತ್ತಿದ್ದರೆ ಹೊರಗೆ ಬೆಂಕಿಯ ಸುತ್ತ ಕೂತವರು ದನಿ ಏರಿಸಿ ಮಾತಾಡುವುದು ನಮ್ಮಲ್ಲಿ ರೂಢಿಯಾಗಿತ್ತು. ಥಂಡಿಯಿಂದ ಶುರು ಮಾಡಿ, ಬಸ್ಸಿಗೆ ಬಂದು, ನಳದ ನೀರಿಗೆ ಮುಗಿಸಬೇಕು. ಅಷ್ಟರೊಳಗೆ ಒಳಗಿನದೂ ಮುಗಿದಿರುತ್ತಿತ್ತು. ನಾನೊಮ್ಮೆ ಯಾಕೆಂದು ಕೇಳಿದಾಗ ಅವ್ವ ರೊಟ್ಟಿ ಬಡಿಯುತ್ತಲೇ, "ನಾವು ಸುಮ್ಮನ ಕುಂತು ಕೇಳಿದ್ರ ಅವ್ರಿಗೆ ಅವಮಾನ ಆಗತೈತಿ, ಇನ್ನಷ್ಟು ಬಡೀತಾರ. ಮಾತಾಡಿದ್ರ ಲಗೂನ ಬಿಡ್ತಾರ" ಅಂದಳು. ತನಗೆ ಬಿದ್ದಾಗ ಬೇರೆಯವರು ಮಾತಾಡಲಿ, ಬೇರೆಯವರಿಗೆ ಬಿದ್ದಾಗ ತಾನು ಮಾತಾಡುತ್ತೇನೆ ಎಂಬುದು ಅವಳು ಕಂಡುಕೊಂಡ ದಯೆ. ಚಳಿಗೂ ಹೊಡೆತಕ್ಕೂ ಏನೋ ಸಂಬಂಧವಿದೆ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ನಾನಿನ್ನೂ ಚಿಕ್ಕವಳಿದ್ದಾಗ ಒಂದು ವರ್ಷ ಬೇಸಿಗೆಯಲ್ಲಿ ಸಣ್ಣಪ್ಪನ ಮದುವೆಯಾಗಿ ಸಣ್ಣವ್ವ ಬಂದಳು. ಹೆಸರು ನಾಗಮ್ಮ, ಊರು ಜವಳಗೇರಾ. ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟೂ ದೂರವಿಲ್ಲ, ಆದರೆ ಅದು ಬೇರೆಯದೇ ದೇಶ. ಅಲ್ಲಿ ಕಾಲುವೆ, ನೆಲ್ಲು, ಮೊಣಕಾಲುದ್ದ ಕೆಸರು. ನಮ್ಮಲ್ಲಿ ಎರೆಹೊಲ, ಜೋಳ, ತೊಗರಿ. ನಮ್ಮ ಒಣಗಾಳಿಗೆ ಅವಳ ತುಟಿ ಒಡೆದು ರಕ್ತ ಬರುತ್ತಿತ್ತು. ನನ್ನ ತಲೆ ಬಾಚುತ್ತಾ ತನ್ನೂರಿನ ಸುದ್ದಿ ಹೇಳುತ್ತಿದ್ದಳು. "ನಮ್ಮ ಕಡೆ ಮುಂಜಾನಿ ಕಾಲುವಿ ನೀರು ಬೆಚ್ಚಗಿರತಾವ ಬೇ. ಮ್ಯಾಲೆ ಎಷ್ಟರ ಥಂಡಿ ಇರಲಿ, ಕಾಲು ಇಟ್ರ ಸಾಕು, ಯಾರೋ ಕಾಯಿಸಿ ಇಟ್ಟಂಗ." ನಾನು ನಂಬುತ್ತಿದ್ದೆ. ಪಕ್ಕದಲ್ಲಿ ಕಾಳು ಆರಿಸುತ್ತಿದ್ದ ಅವ್ವ, "ಒಮ್ಮೆ ಹೋಗಿ ನೋಡಿಬರೂಣು" ಅನ್ನುತ್ತಿದ್ದಳು, ಕಾಶಿಗೆ ಹೋಗುವವರ ಹಾಗೆ. ಆ ಮನೆಯಲ್ಲಿ ನಗಲು ಹೆದರದ ಒಬ್ಬಳೇ ಹೆಂಗಸು ಸಣ್ಣವ್ವ, ಅವಳನ್ನು ನಾನು ನನ್ನ ಅವ್ವನಿಗಿಂತ ಹೆಚ್ಚು ಪ್ರೀತಿಸುತ್ತಿದ್ದೆ.

ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ನಮ್ಮ ಒಣಬೇಸಾಯದ ಮನೆಗಳಲ್ಲಿ ಅದು ದೊಡ್ಡ ಹಬ್ಬ. ಆ ದಿನ ತಾತ ಕೊಟ್ಟಿಗೆಯ ಗೂಡಿನಿಂದ ಕೂರಿಗೆಯ ಬಟ್ಟಲನ್ನು ಇಳಿಸುತ್ತಿದ್ದ. ಕೂರಿಗೆಯಿಂದ ಬಿತ್ತುವಾಗ ಬೀಜ ಬಿಡುವುದು ಈ ಮರದ ಬಟ್ಟಲಿಗೆ. ಅದರ ತಳದಲ್ಲಿ ಮೂರು ತೂತು, ತೂತಿನಿಂದ ಬೀಜ ಬಿದಿರ ಕೊಳವೆಗಿಳಿದು ಸಾಲಿಗೆ ಬೀಳುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಕೂರಿಗೆಯ ಉಳಿದ ಭಾಗಗಳೆಲ್ಲ ಮುರಿದು ಎತ್ತೆತ್ತಲೋ ಹೋಗಿದ್ದವು, ಬಟ್ಟಲು ಮಾತ್ರ ಉಳಿದಿತ್ತು. ಅಜ್ಜಿ ಬದುಕಿರುವ ತನಕ ಅವಳ ಮುಷ್ಟಿಯಿಂದಲೇ ಅದಕ್ಕೆ ಬೀಜ ಬೀಳುತ್ತಿದ್ದುದಂತೆ; ಅವಳ ಕೈ ತಾಗಿ ತಾಗಿ ಅಂಚು ಕನ್ನಡಿಯ ಹಾಗೆ ನುಣುಪಾಗಿತ್ತು. ತಾತ ಅದಕ್ಕೆ ಎಣ್ಣೆ ಸವರಿ, ಕುಂಕುಮ ಹಚ್ಚಿ, ಅಡ್ಡಬೀಳುತ್ತಿದ್ದ. ಆ ಕೈಗೆ ಬದುಕಿದ್ದಾಗ ಸಿಗದ ಮರ್ಯಾದೆ ಬಟ್ಟಲಿಗೆ ಸಿಗುತ್ತಿತ್ತು. ಸಣ್ಣವ್ವ ನಮ್ಮ ಮನೆಯ ಎಳ್ಳ ಅಮಾವಾಸ್ಯೆಯನ್ನು ಇನ್ನೂ ನೋಡಿರಲಿಲ್ಲ. ಅವಳ ಊರಿನಲ್ಲಿ ಸಸಿ ಕಿತ್ತು ಕೈಯಿಂದ ನೆಡುತ್ತಾರೆ, ಕೂರಿಗೆ ಎನ್ನುವುದನ್ನೇ ಅವಳು ಕಂಡಿರಲಿಲ್ಲ.

ಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗ ಒಂದು ಮುಂಜಾನೆ ಮಂಜು ಬಿದ್ದು ಕಟ್ಟಿಗೆಯೆಲ್ಲ ಹಸಿಯಾಗಿತ್ತು. ಬೆಂಕಿ ಹತ್ತದೆ ಬರೀ ಹೊಗೆ. ತಾತ ಕೆಮ್ಮುತ್ತಾ, "ಏ, ಏನರ ಒಣಾದು ತಂದು ಹಾಕ್ರಿ. ಹೊಗಿ ಕುಡಿಸಿ ಕೊಲ್ಲಾಕತ್ತೀರೇನು?" ಎಂದು ಕೂಗಿದ. ಸಣ್ಣವ್ವ ಕೊಟ್ಟಿಗೆಗೆ ಓಡಿಹೋಗಿ ಸೆರಗಿನಲ್ಲಿ ಏನೋ ತಂದು ಹೊಗೆಯೊಳಗೆ ಹಾಕಿದಳು. ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಭಗ್ಗೆಂದು ಹಳದಿ ಉರಿ ಎದ್ದಿತು. ಎಣ್ಣೆಯ ಘಮ ಅಂಗಳದ ತುಂಬ ಹರಡಿತು. ನಾವೆಲ್ಲ ಮುಂದಕ್ಕೆ ಸರಿದೆವು. ಚಾಚಾ ಎರಡೂ ಅಂಗೈ ಒಡ್ಡಿ ಕಣ್ಣು ಮುಚ್ಚಿದರು. ತಾತ ಕಂಬಳಿ ಸರಿಸಿ, ಎದೆಗೆ ಕಾವು ತಗಲಿಸಿಕೊಂಡು, "ಹಾಂ, ಬೆಂಕಿ ಅಂದ್ರ ಇದು. ಜವಳಗೇರಿಯಾಕಿಗೂ ಬುದ್ಧಿ ಬರಾಕತ್ತೈತಿ" ಅಂದ. ಅವನ ಬಾಯಿಂದ ಸೊಸೆಗೆ ಸಿಕ್ಕ ಮೊದಲ ಹೊಗಳಿಕೆ ಅದು. ಸಣ್ಣವ್ವ ನಾಚಿ ನಕ್ಕಳು. ಆ ಒಂದು ಗಳಿಗೆಯಷ್ಟು ಬೆಚ್ಚಗೆ ನಮ್ಮ ಮನೆ ಎಂದೂ ಇರಲಿಲ್ಲ.

ಆಮೇಲೆ ಬಟ್ಟಲು ಮಗುಚಿತು. ತಳದ ಮೂರು ತೂತುಗಳಿಂದ ಮೂರು ಉರಿ ನಾಲಿಗೆ ಹೊರಬಂದವು. ತಾತ ಅದನ್ನೇ ನೋಡಿದ. "ಏನು ಹಾಕಿದಿಬೇ ಇದರಾಗ?" ಅಂದ, ಮೆಲ್ಲಗೆ. "ಕೊಟ್ಟಿಗ್ಯಾಗಿಂದು ಹಳೇ ಬಟ್ಟಲ ರೀ, ಮಾವಾರ. ತಳಕ್ಕ ತೂತು ಬಿದ್ದಿದ್ವು, ಇನ್ನ ಯಾತಕ್ಕೂ ಬರಂಗಿಲ್ಲ ಅಂತ ಹಾಕಿದೆ" ಅಂದಳು ಸಣ್ಣವ್ವ. ತಾತ ಕೈಯನ್ನು ಉರಿಯೊಳಕ್ಕೇ ಹಾಕಿ ಬಟ್ಟಲನ್ನು ಹಿಡಿಯಲು ನೋಡಿದ, ಚರ್ಮ ಸುಟ್ಟ ವಾಸನೆ ಬಂದಿತು, ಬಟ್ಟಲು ಎರಡು ಹೋಳಾಯಿತು. ಅವನು ಸೊಸೆಯ ಮೈ ಮುಟ್ಟಲಿಲ್ಲ. ಸುಟ್ಟ ಕೈ ಮಡಿಲಲ್ಲಿಟ್ಟುಕೊಂಡು ಸಣ್ಣಪ್ಪನ ಮುಖ ನೋಡಿದ, ಅಷ್ಟೇ. ಸಣ್ಣಪ್ಪ ಎದ್ದು ಅವಳ ತುರುಬಿಗೆ ಕೈ ಹಾಕಿ ಕೊಟ್ಟಿಗೆಯೊಳಕ್ಕೆ ಎಳೆದುಕೊಂಡು ಹೋದ. ಅವಳ ಒಂದು ಚಪ್ಪಲಿ ಬೆಂಕಿಯ ಹತ್ತಿರವೇ ಉಳಿಯಿತು.

ಮೊದಲ ಏಟು ಬೀಳುತ್ತಿದ್ದಂತೆ ಅವ್ವ ಗಂಟಲು ಸರಿಮಾಡಿಕೊಂಡಳು. "ಈ ವರ್ಷ ಥಂಡಿ ಭಾಳ ಐತ್ರಿ ಚಾಚಾ." "ಹೂಂನವ್ವ. ನೀರಾಗ ಕೈ ಇಟ್ರ ಬೆರಳು ಕಡದಂಗ ಆಗತಾವ" ಅಂದರು ಚಾಚಾ. ಒಳಗೆ ಬಾರಕೋಲು ಗಾಳಿ ಸೀಳುತ್ತಿತ್ತು. ಎತ್ತುಗಳು ಬೆದರಿ ಗೂಟ ಜಗ್ಗುತ್ತಿದ್ದವು. "ನಳದ ನೀರು ಸೈತ ಹೊತ್ತುಗೊತ್ತಿಲ್ದ ಬಿಡಾಕತ್ತಾರ" ಅಂದ ಅಪ್ಪ. ಸಣ್ಣವ್ವ ಕೂಗಿದಳು, ಅವ್ವ ಅದಕ್ಕಿಂತ ಗಟ್ಟಿಯಾಗಿ ಹಿಮ್ಮಡಿಗೆ ಏನು ಹಚ್ಚಬೇಕೆಂದು ಕೇಳಿದಳು. ಬಸ್ಸಿನ ಮಾತು ಬಂತು. ಡ್ರೈವರನ ಮಾತು ಬಂತು. ಆಮೇಲೆ ಕೊಟ್ಟಿಗೆಯಿಂದ ಒಣ ತೊಗರಿಕಟ್ಟಿಗೆ ಮುರಿದಂಥ ಸಪ್ಪಳವೊಂದು ಬಂದಿತು, ಮತ್ತು ಯಾರಿಗೂ ಮುಂದಿನ ಮಾತು ಹೊಳೆಯಲಿಲ್ಲ. ನಮ್ಮ ಅಂಗಳ ಅಷ್ಟು ಸುಮ್ಮನಾದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಸಣ್ಣವ್ವ ಹೊರಗೆ ಬಂದಳು. ಬಲಗೈ ಮೊಣಕೈಯಿಂದ ಕೆಳಗೆ ತನ್ನದಲ್ಲವೆಂಬಂತೆ ಜೋತಾಡುತ್ತಿತ್ತು. ಮೂಗಿನಿಂದ ಇಳಿದ ರಕ್ತ ಗಲ್ಲದ ಮೇಲೆ ಹರಿದಿತ್ತು. ಅವಳು ನೆಟ್ಟಗೆ ಬೆಂಕಿಯ ಕಡೆ ನಡೆದಳು, ಹಿಂದಿನಿಂದ ಸಣ್ಣಪ್ಪ ಬಾರಕೋಲು ಎತ್ತಿ ಬಂದ. ಅವಳು ಬಗ್ಗಿ, ಎಡಗೈಯಲ್ಲಿ ಉರಿಯುವ ಕೊಳ್ಳಿಯೊಂದನ್ನು ಸೆಳೆದು, ತಿರುಗಿ ಅವನ ಮುಖಕ್ಕೆ ಬೀಸಿದಳು. ಕಿವಿಯಿಂದ ದವಡೆಯವರೆಗೆ ತಾಗಿತು. ಅವನು ಎತ್ತಿನಂತೆ ಒರಲಿ ನೆಲಕ್ಕೆ ಬಿದ್ದು ಹೊರಳಾಡಿದ, ಸುಟ್ಟ ಮೀಸೆಯ ವಾಸನೆ ಎಣ್ಣೆಯ ವಾಸನೆಯೊಂದಿಗೆ ಬೆರೆಯಿತು. ಇನ್ನೊಮ್ಮೆ ಬೀಸಿದಳು, ಅವನ ಭುಜಕ್ಕೆ. ಆಮೇಲೆ ನಮ್ಮ ಕಡೆ ತಿರುಗಿದಳು. "ಯಾಕ ಸುಮ್ಮಗಾದ್ರಿ? ಮಾತಾಡ್ರಿ" ಅಂದಳು. "ಥಂಡಿ ಭಾಳ ಐತಿ ಅನ್ರಿ." ಚಾಚಾ ತಲೆ ತಗ್ಗಿಸಿದರು. ಅವಳು ಕೊಳ್ಳಿಯನ್ನು ತಾತನ ಮುಂದೆ ಎಸೆದು, ಒಂಟಿ ಚಪ್ಪಲಿಯನ್ನೂ ಅಲ್ಲೇ ಬಿಟ್ಟು, ಬರಿಗಾಲಲ್ಲಿ ಓಣಿಗೆ ಇಳಿದಳು.

ಅವ್ವ ಎದ್ದು ತನ್ನ ಶಾಲು ತೆಗೆದುಕೊಂಡು ಹಿಂದೆಯೇ ಓಡಿದಳು, ಅವಳ ಹಿಂದೆ ನಾನು. ಬಸ್‌ಸ್ಟ್ಯಾಂಡಿನಲ್ಲಿ ಜನ ದಾರಿ ಬಿಟ್ಟು ನಿಂತರು. ಸಿಂಧನೂರು ಬಸ್ಸು ಆವತ್ತು ಕೈ ಮಾಡುವ ಮೊದಲೇ ನಿಂತಿತು. ಅವ್ವ ಮುರಿದ ಕೈಗೆ ತಾಗದಂತೆ ಶಾಲು ಹೊದಿಸಿದಳು. ಏನೋ ಹೇಳಬೇಕೆಂದು ಅವಳ ಮುಖವೆಲ್ಲ ಒದ್ದಾಡುತ್ತಿತ್ತು, ಆದರೆ ಬಾಯಿಗೆ ಬಂದದ್ದು ರೂಢಿಯ ಮಾತೇ. "ಅಲ್ಲೂ ಥಂಡಿ ಇರತೈತಿ, ಹೊಚ್ಚಿಕೊ." ಸಣ್ಣವ್ವ ಮೆಟ್ಟಿಲ ಮೇಲೆ ನಿಂತು, "ಅಲ್ಲಿ ನೀರು ಬೆಚ್ಚಗದಾವ ಅಕ್ಕಾ. ನೀನೂ ಬಾ" ಅಂದಳು. ಅವ್ವ ನನ್ನ ಕೈ ಹಿಡಿದುಕೊಂಡು ನಿಂತಲ್ಲೇ ನಿಂತಳು. ಬಸ್ಸು ಹೋಯಿತು.

ಅದಾದ ಮೇಲೆ ನಮ್ಮ ಅಂಗಳದಲ್ಲಿ ಬೆಂಕಿ ಹಾಕಲಿಲ್ಲ. ಹಿರಿಯರು ಸಣ್ಣವ್ವನನ್ನು ಕರೆತರಲು ಹೋದಾಗ ಅವಳು, "ಕೈ ನೆಟ್ಟಗಾದ ಮ್ಯಾಲೆ ಬರ್ತೀನ್ರಿ" ಅಂದಳಂತೆ. ಕೈ ಸೊಟ್ಟಗೆ ಕೂಡಿತು, ಅವಳು ಬರಲಿಲ್ಲ. ಸಣ್ಣಪ್ಪ ಆ ಮುಖ ಹೊತ್ತುಕೊಂಡು ಮನೆಯ ಹಿತ್ತಲಲ್ಲೇ ಮುದುಕನಾದ. ತಾತ ಸುಟ್ಟ ಕೈಯಲ್ಲಿ ಮತ್ತೆ ಸೀತನಿ ತಿಕ್ಕಲಿಲ್ಲ. ಅಪ್ಪ ಅವ್ವನನ್ನು ಬಡಿಯುವುದು ನಿಲ್ಲಲಿಲ್ಲ, ಆದರೆ ಮಾತಿನ ಮರೆ ಇಲ್ಲದ್ದರಿಂದ ಒಂದೊಂದು ಏಟೂ ಓಣಿಗೆಲ್ಲ ಕೇಳುತ್ತಿತ್ತು. ಅವನಿಗೆ ನಾಚಿಕೆಯಾಯಿತೋ ತೋಳು ಸೋತಿತೋ, ಬರಬರುತ್ತಾ ಕೈ ಇಳಿಯಿತು. ಕೇಳಿಸಿಕೊಂಡರೆ ಹೆಚ್ಚು ಬಡಿಯುತ್ತಾರೆ ಎಂಬ ಅವ್ವನ ನಂಬಿಕೆ ತಪ್ಪಾಗಿತ್ತು. ಅಷ್ಟು ವರ್ಷ ನಾವು ಸುಮ್ಮನೆ ಥಂಡಿಯ ಮಾತಾಡಿದ್ದೆವು. ಈಗ ಆ ಮನೆಯ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ, ಅವ್ವ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಹೇಳಲು ನಾಚಿಕೆ, ಆದರೂ ಆ ಅಂಗಳ ನನಗೆ ಬೇಕೆನಿಸುತ್ತದೆ.

ಚಹಾ ಚೆಲ್ಲಿದ ದಿನ ನಾನು ಆಫೀಸಿಗೆ ಹೋಗಲಿಲ್ಲ. ಸಿಂಧನೂರು ಬಸ್ಸು ಹತ್ತಿ, ಅಲ್ಲಿ ಬಸ್ಸು ಬದಲಿಸಿ ಜವಳಗೇರಾದಲ್ಲಿ ಇಳಿದೆ. ಸಣ್ಣವ್ವ ಕಾಲುವೆಯ ದಂಡೆಯಲ್ಲಿ ಅವ್ವನ ಅದೇ ಶಾಲು ತಲೆಗೆ ಸುತ್ತಿಕೊಂಡು ಎಡಗೈಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ, ನಗು ಹಾಗೇ ಇದೆ. ಅವ್ವನ ಸುದ್ದಿ ಹೇಳಿದೆ. ಅವಳು ತಿಕ್ಕುತ್ತಿದ್ದ ಪಾತ್ರೆಯನ್ನು ದಂಡೆಯ ಮೇಲಿಟ್ಟು, "ಅಕ್ಕ ಒಮ್ಮೆನೂ ಬರಲಿಲ್ಲ" ಅಂದಳು. ಆಮೇಲೆ, "ಇಳಿಯವ್ವ, ಕಾಲು ಇಡು" ಅಂದಳು. ಸೀರೆ ಎತ್ತಿ ಇಳಿದೆ. ನೀರು ಮೂಳೆಗೆ ನಾಟುವಷ್ಟು ತಣ್ಣಗಿತ್ತು. "ಬೆಚ್ಚಗದಾವಿಲ್ಲೋ?" ಅಂದಳು ಸಣ್ಣವ್ವ. "ಹೂಂ, ಬೆಚ್ಚಗದಾವ" ಅಂದೆ. ಅವಳೂ ಇಳಿದು ಆ ಸೊಟ್ಟ ಕೈಯಿಂದ ನನ್ನ ತೋಳು ಹಿಡಿದುಕೊಂಡಳು. ಇಬ್ಬರೂ ಕಾಲು ಮರಗಟ್ಟುವವರೆಗೆ ನಿಂತೆವು. ಅವ್ವನೂ ಒಂದು ಸಲ ಈ ನೀರಿನಲ್ಲಿ ನಿಂತಿರಬೇಕಿತ್ತು.