ವಿಮಾನಕ್ಕೆ ಕಿವಿಗೊಟ್ಟವರು

ನಮ್ಮ ಪಕ್ಕದ ತೋಟದ ಯಜಮಾನರು ಯಾವುದನ್ನೂ ಕಣ್ಣಿಂದ ನೋಡಿ ನಂಬಿದವರಲ್ಲ. ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು ಲೊಟಲೊಟ ಎಂದರೆ, ‘ಬುಟ್ಟೈತೆ ಕಣಪ್ಪ’ ಎನ್ನುವರು. ಆಮೇಲೆಯೇ ಸುಲಿಯುವುದು. ಟಾರ್ಚು, ಗಡಿಯಾರ, ಮದುವೆಮನೆಯ ಉಡುಗೊರೆ, ಎಲ್ಲಕ್ಕೂ ಇದೇ ಪರೀಕ್ಷೆ. ತಿಪಟೂರಿನ ಮಂಡಿಯಲ್ಲೂ ಅವರ ಕಿವಿಗೆ ಯಾರೂ ಎದುರಾಡುತ್ತಿರಲಿಲ್ಲ.

ಒಮ್ಮೆ ಕೊಬ್ಬರಿ ಬೆಳೆಗಾರರ ಸಭೆಗೆಂದು ದೆಹಲಿಗೆ ಹೋಗಿದ್ದ ನಾವು ಕೆಲವರು ವಿಮಾನದಲ್ಲಿ ಹಿಂತಿರುಗುತ್ತಿದ್ದೆವು. ಬೆಂಗಳೂರಿನ ಮೇಲೆ ಬಂದಾಗ, ಒಂದು ಚಕ್ರ ಹೊರಗೆ ಬರುತ್ತಿಲ್ಲವೆಂದು ಪೈಲಟ್ ಹೇಳಿದರು. ವಿಮಾನ ಸುತ್ತು ಹಾಕತೊಡಗಿತು. ಯಜಮಾನರು ಕಿಟಕಿಯ ಪಕ್ಕದ ಗೋಡೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದರು. ಮುಂದಿನ ಸಾಲಿನ ನಮ್ಮವರೆಲ್ಲ ಕತ್ತು ತಿರುಗಿಸಿ ಅವರನ್ನೇ ನೋಡುತ್ತಿದ್ದರು.

‘ಸದ್ದು ಬತ್ತಾ ಐತೆ. ಬುಟ್ಟೈತೆ ಕಣಪ್ಪ!’

ನಮ್ಮವರು ಉಸಿರು ಬಿಟ್ಟರು. ಒಬ್ಬರಂತೂ ಎಲೆ ಅಡಿಕೆಯ ಚೀಲವನ್ನೇ ಬಿಚ್ಚಿದರು. ಅಷ್ಟರಲ್ಲಿ ಪೈಲಟ್ ಮತ್ತೆ ಮಾತಾಡಿದರು: ಚಕ್ರ ಇನ್ನೂ ಬಂದಿಲ್ಲ, ಎಲ್ಲರೂ ತಲೆ ಬಗ್ಗಿಸಿ ಕೂರಬೇಕು.

ಇನ್ನೊಂದು ಸುತ್ತಿನಲ್ಲಿ ಅದು ಹೇಗೋ ಬಂತು, ಇಳಿದೆವು. ಮೆಟ್ಟಿಲ ಕೆಳಗೆ ಯಜಮಾನರು ತಮ್ಮ ಎದೆ ಮುಟ್ಟಿಕೊಂಡು, ‘ನಾನು ಕೇಳಿದ್ದು ಇದರ ಸದ್ದು ಕಣಪ್ಪ’ ಎಂದರು. ಅಷ್ಟೇ.

ಆ ವರ್ಷ ಅಟ್ಟದಿಂದ ಕಾಯಿ ಇಳಿಸುವಾಗ ನಾನೂ ಅವರ ಮನೆಯಲ್ಲಿದ್ದೆ. ಮೊದಲ ಕಾಯಿಯನ್ನು ಅಲ್ಲಾಡಿಸಿ ಬಹಳ ಹೊತ್ತು ಕೇಳಿದರು. ನನಗೂ ಅದರ ಸದ್ದು ಚೆನ್ನಾಗಿಯೇ ಕೇಳಿಸಿತು. ಆದರೂ ಅವರು ಅದನ್ನು ನನ್ನ ಕೈಗಿಟ್ಟರು.

‘ನೀನೂ ಒಂದ್ಸಲಿ ಕೇಳಪ್ಪ.’