ಸೊಸೆ ಬಾಯಿ ಬಿಡುವವರೆಗೆ

ಅಟ್ಲಾಸ್ ಬೆಟ್ಟದ ಮೇಲೆ ಈಗಷ್ಟೇ ಬೆಳಕು ಹರಿಯುತ್ತಿದೆ. ತಗರಾರ್ತ್ ಪೇಟೆಯ ಹೆರಿಗೆ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿರುವ ತೂಡಾ ಉಬಸ್ಸು ಅವರನ್ನು ಯಾರೋ ಕೂಗುತ್ತಾರೆ. ಅವರು ಬಕೆಟ್ಟನ್ನು ಗೋಡೆಗೆ ಸರಿಸಿ, ಕೈ ತೊಳೆದು, ತಲೆವಸ್ತ್ರ ಬಿಗಿದುಕೊಂಡು ಒಳಗೆ ನಡೆಯುತ್ತಾರೆ. ಸಂಬಳ ಕೊಡುವುದು ನೆಲ ಒರೆಸಲು ಮಾತ್ರ. ಆದರೆ ರಾಜಧಾನಿ ರಬಾತಿನಿಂದ ಬಂದ ಡಾಕ್ಟರ್ ಲಮ್ಯಾ ಅವರಿಗೆ ಬೆಟ್ಟದ ಮಾತು ಬಾರದು, ಬೆಟ್ಟದ ಹೆಂಗಸರಿಗೆ ಅರಬ್ಬಿ ಅಷ್ಟಕ್ಕಷ್ಟೆ. ದಿನಕ್ಕೆ ನಾಲ್ಕೈದು ಹೆರಿಗೆಗಳಲ್ಲಿ ಇಬ್ಬರ ನಡುವೆ ನಿಂತು ಮಾತು ದಾಟಿಸುವವರು ತೂಡಾ.

ಮಂಚದ ಮೇಲೆ ಇಝ್ಝಾ, ಚೊಚ್ಚಲ ಬಸುರಿ. ರಾತ್ರಿಯೆಲ್ಲ ನೋವು ತಿಂದರೂ ಹೆರಿಗೆ ಮುಂದುವರಿದಿಲ್ಲ. ಆಪರೇಷನ್ ಮಾಡುವುದು ಒಳ್ಳೆಯದು ಎನ್ನುತ್ತಾರೆ ಡಾಕ್ಟರ್. ಅತ್ತೆ ಹದ್ದಾ ಅವರದೇನೂ ತಕರಾರಿಲ್ಲ.

"ಕೊಯ್ಯಲಿ ತಾಯಿ, ಬೇಗ ಕೊಯ್ಯಲಿ! ನನ್ನ ಮಗನೂ ಫೋನಲ್ಲಿ ಹೂಂ ಅಂದಾಯ್ತು."

ಇಝ್ಝಾ ಗೋಡೆ ನೋಡುತ್ತಾ ಮಲಗಿದ್ದಾಳೆ.

"ಏನಂತೆ?" ಡಾಕ್ಟರ್ ತೂಡಾರನ್ನು ಕೇಳುತ್ತಾರೆ.

"ಅತ್ತೆ ಹೂಂ ಅಂದ್ರು, ಗಂಡ ಹೂಂ ಅಂದ. ಇವಳಿನ್ನೂ ಏನೂ ಅಂದಿಲ್ಲ ಮೇಡಂ."

"ಅವಳೇನು ಅಂತಾಳೆ? ಹಿರಿಯರ ಮುಂದೆ ನಮ್ಮ ಸೊಸೆ ಬಾಯಿ ಬಿಡೋಳಲ್ಲ," ಎಂದು ಹದ್ದಾ ಹೆಮ್ಮೆಯಿಂದ ಹೇಳುತ್ತಾರೆ.

ಇಲ್ಲಿ ಅದು ಹೆಮ್ಮೆಯ ಮಾತೇ. ಮದುವೆಯಲ್ಲಿ ಹುಡುಗಿ ತಲೆತಗ್ಗಿಸಿ ಸುಮ್ಮನಿದ್ದರೆ ಒಪ್ಪಿದಳೆಂದೇ ಲೆಕ್ಕ. ಆ ಲೆಕ್ಕವನ್ನು ಹೆರಿಗೆ ಮಂಚದವರೆಗೆ ತರಲು ತೂಡಾ ಬಿಡುವುದಿಲ್ಲ. ಎಲ್ಲರೂ ಬೇಡ ಎಂದಾಗ ಹಟ ಹಿಡಿಯುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಎಲ್ಲರೂ ಹೂಂ ಎಂದಮೇಲೂ ಹಟ ಹಿಡಿಯುವವರು ಈ ಪೇಟೆಯಲ್ಲಿ ಇವರೊಬ್ಬರೇ.

ಅದಕ್ಕೆ ಕಾರಣವಿದೆ. ತೂಡಾ ಮಗನನ್ನು ಹೆತ್ತಾಗ ರಕ್ತ ನಿಲ್ಲದೆ, ಜೀವ ಉಳಿಸಲು ಗರ್ಭಕೋಶ ತೆಗೆಯಬೇಕಾಯಿತು. ಅವರಿಗೆ ಪ್ರಜ್ಞೆ ಇರಲಿಲ್ಲ, ಒಪ್ಪಿಗೆ ಕಾಗದಕ್ಕೆ ಮಾವ ಹೆಬ್ಬೆಟ್ಟು ಒತ್ತಿದರು. ಎಚ್ಚರವಾದ ಮೇಲೂ ಯಾರೂ ವಿಷಯ ತಿಳಿಸಲಿಲ್ಲ. ಮುಟ್ಟು ಬಾರದಿದ್ದಾಗ ಅತ್ತೆ, "ನಿನ್ನ ಹೊಟ್ಟೇಲಿ ಕೂಸು ಮಲಗಿದೆ ಕಣೆ" ಎಂದುಬಿಟ್ಟರು. ಬಸಿರಲ್ಲಿ ಕೂಸು ವರ್ಷಗಟ್ಟಲೆ ನಿದ್ದೆ ಹೋಗುತ್ತದೆ, ಎಚ್ಚರವಾದಾಗ ಹುಟ್ಟುತ್ತದೆ ಎಂದು ಬೆಟ್ಟದಲ್ಲಿ ಹಿರಿಯರೆಲ್ಲ ನಂಬುತ್ತಾರೆ. ತೂಡಾ ಕೂಡ ನಂಬಿದರು. ಸಂತರ ಗೋರಿಗೆ ಹರಕೆ ಹೊತ್ತರು, ಭಾರ ಎತ್ತುವುದನ್ನು ಬಿಟ್ಟರು, ಇಲ್ಲದ ಕೂಸಿಗೆ ಹೊಟ್ಟೆ ಸವರಿ ಲಾಲಿ ಹಾಡಿದರು. ಮಗ ಶಾಲೆಗೆ ಸೇರುವ ಹೊತ್ತಿಗೆ ಬೇರೆ ಊರಿನ ಡಾಕ್ಟರೊಬ್ಬರು ಪರೀಕ್ಷಿಸಿ ನಿಜ ಹೇಳಿದರು.

"ಜೀವ ಉಳಿಸಿದ್ರಲ್ಲ, ಆ ಡಾಕ್ಟರ ಕೈಗೆ ಮುತ್ತು ಕೊಡ್ತೀನಿ," ಎಂದು ಈಗಲೂ ಹೇಳುತ್ತಾರೆ ತೂಡಾ. "ಆದ್ರೆ ಆಮೇಲಾದ್ರೂ ಹೇಳಬಹುದಿತ್ತಲ್ಲ? ಹೊಟ್ಟೆ ನಂದು. ಮನೆಮಂದಿಗೆಲ್ಲ ಗೊತ್ತು, ನಂಗೊಬ್ಬಳಿಗೇ ಗೊತ್ತಿಲ್ಲ."

ಈಗ ಅವರು ಹದ್ದಾರ ಭುಜ ಹಿಡಿದು ಮೆಲ್ಲಗೆ ಬಾಗಿಲ ಕಡೆ ತಿರುಗಿಸುತ್ತಾರೆ. "ಹೊರಗೆ ಪುದೀನಾ ಚಹಾ ಸಿಗತ್ತೆ. ಕುಡಿದು ಬನ್ನಿ ಹದ್ದಕ್ಕ."

"ಚಹಾ ಕುಡಿಯೋ ಹೊತ್ತಾ ಇದು? ನೆಲ ಒರೆಸೋಳು ನನ್ನನ್ನೇ ಆಚೆ ಅಟ್ತಾಳಲ್ಲ!"

"ಒರೆಸಿದ ನೆಲ ಒದ್ದೆ ಇದೆ, ಜಾರೀರಿ," ಎಂದು ತೂಡಾ ಬಾಗಿಲು ಮುಚ್ಚುತ್ತಾರೆ.

ಡಾಕ್ಟರ್ ಹೇಳಿದ್ದನ್ನೆಲ್ಲ ಅವರು ತುಂಡು ತುಂಡಾಗಿ ದಾಟಿಸುತ್ತಾರೆ. ಕೊಯ್ದರೆ ಏನು, ಕಾದರೆ ಏನು, ಯಾವುದಕ್ಕೆ ಯಾವ ಅಪಾಯ. ಆಮೇಲೆ, "ಈಗ ನಂಗೇ ತಿರುಗಿ ಹೇಳು ಮಗಳೆ. ನಾನು ಏನೂ ತಿಳೀದ ದಡ್ಡಿ ಅಂದ್ಕೋ," ಎನ್ನುತ್ತಾರೆ. ಇಝ್ಝಾ ತಡವರಿಸುತ್ತಾ ಹೇಳುತ್ತಾಳೆ. ತಪ್ಪಿದಲ್ಲಿ ತೂಡಾ ಮತ್ತೆ ಡಾಕ್ಟರನ್ನು ಕೇಳಿ ತಿದ್ದುತ್ತಾರೆ. ಕೊನೆಗೆ ಹುಡುಗಿಯಿಂದಲೇ ಪ್ರಶ್ನೆ ಬರುತ್ತದೆ.

"ಕೂಸಿನ ಎದೆಬಡಿತ ಈಗ ಚೆನ್ನಾಗಿದೆಯಾ?"

ಚೆನ್ನಾಗಿದೆ ಎನ್ನುತ್ತಾರೆ ಡಾಕ್ಟರ್.

"ಹಾಗಾದ್ರೆ ಈಗ್ಲೇ ಬೇಡ. ಇನ್ನೊಂದಿಷ್ಟು ಹೊತ್ತು ನೋಡ್ತೀನಿ."

ತೂಡಾ ಆ 'ಬೇಡ'ವನ್ನು ಮೆತ್ತಗೆ ಮಾಡದೆ ಇದ್ದ ಹಾಗೇ ದಾಟಿಸುತ್ತಾರೆ. ಡಾಕ್ಟರ್ ಹುಬ್ಬು ಗಂಟಿಕ್ಕಿ, ಯೋಚಿಸಿ, ಎದೆಬಡಿತದ ಮೇಲೆ ಕಣ್ಣಿಟ್ಟು ಕಾಯಬಹುದು ಎಂದು ಒಪ್ಪುತ್ತಾರೆ. ತೂಡಾಗೆ ಮಾತ್ರ ಜೀವ ಕೈಯಲ್ಲಿ ಹಿಡಿದಂತಾಗಿದೆ. "ಕೂಸಿಗೇನಾದ್ರೂ ಆದ್ರೆ ಹದ್ದಕ್ಕ ನನ್ನ ಚರ್ಮ ಸುಲೀತಾರೆ," ಎಂದು ಗೊಣಗುತ್ತಲೇ ಇಝ್ಝಾಳ ಬೆನ್ನು ನೀವುತ್ತಾರೆ.

ಬಿಸಿಲು ಕಿಟಕಿಗೆ ಬರುವಾಗ ಎದೆಬಡಿತ ಇಳಿಯತೊಡಗುತ್ತದೆ. ಡಾಕ್ಟರ್ ಹೇಳುತ್ತಾರೆ, ತೂಡಾ ದಾಟಿಸುತ್ತಾರೆ. ಬಾಗಿಲಲ್ಲಿ ಹದ್ದಾ ಬಂದು ನಿಂತಿದ್ದಾರೆ. ಇಝ್ಝಾ ಅತ್ತೆಯ ಮುಖವನ್ನೇ ನೋಡುತ್ತಾ ಬಾಯಿ ಬಿಡುತ್ತಾಳೆ.

"ಈಗ ಕೊಯ್ಯಲಿ. ನಾನು ಹೇಳ್ತಿದೀನಿ."

ಬೆಳಗ್ಗೆ ಎಲ್ಲರೂ ಹೇಳಿದ್ದೂ ಇದನ್ನೇ. ಆದರೆ ಈಗ ಹೇಳುತ್ತಿರುವವಳು ಇಝ್ಝಾ. ನೋವಿನಿಂದ ನಡುಗುತ್ತಿರುವ ಈ ಎಳೆಯ ಹುಡುಗಿಯಷ್ಟು ದೊಡ್ಡವರು ಆಗ ಆ ಕೋಣೆಯಲ್ಲಿ ಯಾರೂ ಇಲ್ಲ. ಹದ್ದಾ ಕೂಡ ದಾರಿ ಬಿಡುತ್ತಾರೆ.

ಹೆಣ್ಣು ಕೂಸು. ಆಸ್ಪತ್ರೆಯೇ ಹಾರಿಹೋಗುವಂತೆ ಅಳುತ್ತದೆ. ಮಧ್ಯಾಹ್ನ ವಾರ್ಡಿನಲ್ಲಿ ಹದ್ದಾ ಮೊಮ್ಮಗಳನ್ನು ಎದೆಗವಚಿಕೊಂಡು ತೂಡಾರನ್ನು ಕೇಳುತ್ತಾರೆ: "ಬಾಣಂತಿಗೆ ಏನು ಕೊಡೋಣ? ಮೆಂತ್ಯ ಹಾಕಿ ಕೋಳಿ ಸಾರು ಮಾಡಿಸ್ಲಾ?"

"ನನ್ನನ್ಯಾಕೆ ಕೇಳ್ತೀರಿ ಹದ್ದಕ್ಕ? ಅವಳು ಪಕ್ಕದಲ್ಲೇ ಇದಾಳಲ್ಲ."

ಹದ್ದಾ ತಬ್ಬಿಬ್ಬಾಗುತ್ತಾರೆ. ಸೊಸೆಯನ್ನು ಹೀಗೆ ಕೇಳಿ ಅಭ್ಯಾಸವಿಲ್ಲ. ಕೂಸನ್ನು ಇನ್ನೊಂದು ತೋಳಿಗೆ ಬದಲಿಸಿ ಅತ್ತ ತಿರುಗುತ್ತಾರೆ. "ಏನು ತಿಂತೀಯೆ?"

"ಊಟ ಆಮೇಲೆ ನೋಡೋಣ ಅತ್ತೆ," ಎಂದು ಇಝ್ಝಾ ಎರಡೂ ಕೈ ಚಾಚುತ್ತಾಳೆ. "ಮೊದಲು ನನ್ನ ಕೂಸು ಕೊಡಿ."

ಹದ್ದಾ ಕೊಡುತ್ತಾರೆ.